ಜನರೇಟರ್ ಇದೆ ಅಂತ ನಂಬ್ಕೊಂಡು ಕೂರ್ಬೇಡಿ: ಛತ್ರ, ಪಿಜಿ, ಆಫೀಸ್ ಬಿಲ್ಡಿಂಗ್‌ಗಳಲ್ಲಿ ಎಮರ್ಜೆನ್ಸಿ ಲೈಟ್ ಟೆಸ್ಟ್ ಮಾಡೋ ಪೂರ್ತಿ ವಿಧಾನ

ಎಮರ್ಜೆನ್ಸಿ ಲೈಟ್ ಟೆಸ್ಟ್ ಮಾಡಿದೀರಾ ಅಂತ ಕೇಳಿದ್ರೆ ಎಲ್ಲಾ ಕಡೆ ಬರೋ ಉತ್ತರ ಒಂದೇ, "ಓ, ಪ್ರತಿ ತಿಂಗಳೂ ಮಾಡ್ತೀವಲ್ಲ ಸಾರ್." ಹೇಗೆ ಅಂತ ತೋರಿಸಿ ಅಂದ್ರೆ ಲೈಟಿನ ಕೆಳಗಡೆ ಇರೋ ಸಣ್ಣ ಬಟನ್ ಒತ್ತುತಾರೆ, ಪಳಕ್ ಅಂತ ಉರಿಯತ್ತೆ, ಕೈ ಬಿಟ್ಟ ತಕ್ಷಣ ಆರತ್ತೆ, ರಿಜಿಸ್ಟರಲ್ಲಿ ಒಂದು ರೈಟ್ ಮಾರ್ಕ್ ಬೀಳತ್ತೆ. ಅಲ್ಲಿಗೆ ಮುಗೀತು.

ನಾನು ಛತ್ರ, ಪಿಜಿ, ಸಣ್ಣಪುಟ್ಟ ಆಫೀಸ್ ಬಿಲ್ಡಿಂಗ್‌ಗಳ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡ್ಕೊಳ್ಳೋನು. ಒಂದ್ಸಲ ಒಂದು ಛತ್ರದಲ್ಲಿ ರಾತ್ರಿ ಮೇನೂ ಆಫ್ ಮಾಡಿಸಿ ಜನರೇಟರೂ ಆಫ್ ಮಾಡಿಸಿ ಗಡಿಯಾರ ಹಿಡ್ಕೊಂಡು ಕೂತೆ. 14 ಲೈಟೂ ಜಗ್ ಅಂತ ಉರಿದ್ವು, ಓನರ್ ಮುಖದಲ್ಲಿ ನಗು. ಹತ್ತು ನಿಮಿಷಕ್ಕೆ 9 ಉಳಿದ್ವು, ಇಪ್ಪತ್ತೈದು ನಿಮಿಷಕ್ಕೆ 3. ಎಲ್ಲಕ್ಕಿಂತ ಮೊದಲು ಆರಿದ್ದು ಮೆಟ್ಟಿಲ ಮೇಲಿಂದು. "ಹೋದ ತಿಂಗಳಷ್ಟೇ ಟೆಸ್ಟ್ ಮಾಡಿದ್ರಲ್ಲ" ಅಂದ್ರು ಓನರ್. ಮಾಡಿದ್ರು, ಬಟನ್ ಒತ್ತಿ.

ನಮ್ಮ ಬೆಂಗಳೂರಲ್ಲಿ ಇದು ಗೊತ್ತಾಗದೇ ಇರೋಕೆ ಇನ್ನೊಂದು ಕಾರಣ ಡಿಜಿ, ಅಂದ್ರೆ ಡೀಸೆಲ್ ಜನರೇಟರ್. ಕರೆಂಟ್ ಹೋದ ಹತ್ತು ಹದಿನೈದು ಸೆಕೆಂಡಿಗೆ ಜನರೇಟರ್ ಎತ್ಕೊಳ್ಳತ್ತೆ, ಎಲ್ಲಾ ಲೈಟ್ ಬರತ್ತೆ, ಹಂಗಾಗಿ ಎಮರ್ಜೆನ್ಸಿ ಲೈಟಿನ ಬ್ಯಾಟರಿ ಸತ್ತಿರೋದು ವರ್ಷಗಟ್ಟಲೆ ಯಾರಿಗೂ ಗೊತ್ತೇ ಆಗಲ್ಲ. ಆದ್ರೆ ಬೆಂಕಿ ಬಿದ್ದಾಗ ಮೇನ್ ಜೊತೆ ಡಿಜಿಯನ್ನೂ ಆಫ್ ಮಾಡಿಸ್ತಾರೆ, ಇಲ್ಲಾ ಅವೇ ಟ್ರಿಪ್ ಆಗ್ತವೆ. ಆಗ ಉಳಿಯೋದು ಗೋಡೆ ಮೇಲಿರೋ ಆ ಸಣ್ಣ ಬ್ಯಾಟರಿ ಮಾತ್ರ.

ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ 4ನೇ ಭಾಗ ಕೇಳೋದು ಮುಖ್ಯವಾಗಿ ಮೂರು. ಕರೆಂಟ್ ಹೋದ 5 ಸೆಕೆಂಡೊಳಗೆ ಉರೀಬೇಕು, 90 ನಿಮಿಷ ಉರೀತಾ ಇರ್ಬೇಕು, ಹೊರಗೆ ಹೋಗೋ ದಾರಿಯ ನಡುಮಧ್ಯ ನೆಲದ ಮೇಲೆ 10 ಲಕ್ಸ್ (ಬೆಳಕು ಅಳೆಯೋ ಯೂನಿಟ್) ಬೆಳಕು ಬೀಳ್ಬೇಕು. ಸಣ್ಣ ಬಿಲ್ಡಿಂಗ್ ಅಂತ 90 ನಿಮಿಷದಲ್ಲಿ ರಿಯಾಯಿತಿ ಇಲ್ಲ. ಬಟನ್ ಒತ್ತಿದ್ರೆ ಈ ಮೂರರಲ್ಲಿ ಒಂದೂ ಗೊತ್ತಾಗಲ್ಲ.

ಕೆಳಗಿನ ಹಂತಗಳ್ನ ಇದೇ ಆರ್ಡರಲ್ಲಿ ಮಾಡಿ. ಜನ ಮೊದಲು ಲೈಟು ತಗೊಂಡು ಬಂದು ಹಾಕಿ ಆಮೇಲೆ ಬಾಗಿಲು ನೋಡ್ತಾರೆ, ಅದು ಉಲ್ಟಾ.

ಶುರು ಮಾಡೋ ಮುಂಚೆ ಬೇಕಾಗೋ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್, ಏಣಿ, ಎರಡು ಒಳ್ಳೆ ಟಾರ್ಚ್ (ಫೋನ್ ಟಾರ್ಚ್ ಲೆಕ್ಕಕ್ಕಿಲ್ಲ, ಆ ಫೋನಲ್ಲೇ ಟೈಮ್ ನೋಡ್ಬೇಕು, ಅದರಲ್ಲೇ ಮಾತಾಡ್ಬೇಕು), ಪರ್ಮನೆಂಟ್ ಮಾರ್ಕರ್, ಮಾಸ್ಕಿಂಗ್ ಟೇಪ್, ಪ್ರತಿ ಫ್ಲೋರಿನ ಪ್ಲಾನ್ ಜೆರಾಕ್ಸ್, ಬಿಲ್ಡಿಂಗಿನ ಎಲ್ಲಾ ಬೀಗದ ಕೈ ಗೊಂಚಲು, ಒಂದು ಉದ್ದ ನೋಟ್‌ಬುಕ್. ಲಕ್ಸ್ ಮೀಟರ್ ಇದ್ರೆ ಒಳ್ಳೇದು, ಎಸ್‌ಪಿ ರೋಡಲ್ಲಿ ಹುಡುಕಿದ್ರೆ ಸಿಗತ್ತೆ. ಫೋನಲ್ಲಿರೋ ಲಕ್ಸ್ ಆ್ಯಪ್ ಒಂದು ಅಂದಾಜಿಗೆ ಸಾಕು, ಆದ್ರೆ ಅದರ ನಂಬರ್‌ನ ಸರ್ಟಿಫಿಕೇಟ್ ಥರ ನಂಬ್ಬೇಡಿ.

ಜೊತೆಗೆ ಇಬ್ರು ಬೇಕು. ಒಬ್ರು ಲೈಸೆನ್ಸ್ ಇರೋ ವೈರ್‌ಮನ್, ಅವರು ಪ್ಯಾನಲ್ ಹತ್ರಾನೇ ಇರ್ಬೇಕು. ಇನ್ನೊಬ್ರು ನಿಮ್ಮ ಜೊತೆ ಓಡಾಡೋಕೆ. ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್, ಲೈನ್ ಹಂಚೋ ಡಬ್ಬ) ಒಳಗೆ ಕೈ ಹಾಕೋದು ವೈರ್‌ಮನ್ ಕೆಲಸ, ನೀವು ಹುಮ್ಮಸ್ಸಲ್ಲಿ ಹಾಕೋಕೆ ಹೋಗ್ಬೇಡಿ.

ಹಂತ 1: ಹಗಲಲ್ಲಿ ಒಂದ್ಸಲ ದಾರಿ ನಡೀರಿ

ಬಿಲ್ಡಿಂಗಲ್ಲಿ ಅತಿ ದೂರದ ಮೂಲೆ ಯಾವುದು ನೋಡಿ. ಛತ್ರ ಆದ್ರೆ ಮೇಲಿನ ಫ್ಲೋರಿನ ವಧುವಿನ ರೂಮು, ಪಿಜಿ ಆದ್ರೆ ಕೊನೇ ಮಹಡಿಯ ಹಿಂದಿನ ರೂಮು, ಆಫೀಸಾದ್ರೆ ಸರ್ವರ್ ರೂಮ್ ಪಕ್ಕದ ಕ್ಯಾಬಿನ್. ಅಲ್ಲಿಂದ ಶುರು ಮಾಡಿ ಬೀದಿಗೆ ಕಾಲಿಡೋ ತನಕ ನಡೀರಿ, ಪ್ಲಾನ್ ಜೆರಾಕ್ಸ್ ಮೇಲೆ ಗೆರೆ ಎಳ್ಕೊಂಡು ಹೋಗಿ. ಲಿಫ್ಟ್ ಇಲ್ಲ ಅಂತಾನೇ ಅಂದ್ಕೊಳ್ಳಿ.

ಇಲ್ಲಿ ಆಗೋ ತಪ್ಪು ಏನಂದ್ರೆ ಎಲ್ಲರೂ ತಾವು ದಿನಾ ಬರೋ ದಾರೀಲೇ ನಡೀತಾರೆ. ಎರಡನೇ ಮೆಟ್ಟಿಲು ಇದ್ದೇ ಇರತ್ತೆ, ಅದನ್ನ ಹಾಲು ಹಾಕೋರು, ಕಸ ತಗೊಂಡು ಹೋಗೋರು ಬಿಟ್ರೆ ಯಾರೂ ನೋಡಿರಲ್ಲ. ಆ ದಾರೀಲಿ ಎರಡು ಸಲ ನಡೀರಿ. ದಾರಿ ತಿರುಗೋ ಜಾಗ, ಎರಡು ಪ್ಯಾಸೇಜ್ ಕೂಡೋ ಜಾಗ, ಒಂದೇ ಒಂದು ಮೆಟ್ಟಿಲಿರೋ ಜಾಗ (ಜನ ಮುಗ್ಗರಿಸೋದು ಅಲ್ಲೇ), ಬಾಗಿಲು, ಇವಕ್ಕೆಲ್ಲ ಪ್ಲಾನ್ ಮೇಲೆ ಸುತ್ತು ಹಾಕಿ. ಆ ಸುತ್ತುಗಳು ಹಂತ 3ರಲ್ಲಿ ಬೇಕಾಗ್ತವೆ.

ಹಂತ 2: ಬಾಗಿಲು ಬಿಚ್ಕೊಳ್ಳತ್ತಾ ನೋಡಿ

ಬೆಳಕಿದ್ದು ಬಾಗಿಲಿಗೆ ಬೀಗ ಇದ್ರೆ ಜನರನ್ನ ನೀವೇ ಬೀಗದ ಮುಂದೆ ಕರ್ಕೊಂಡು ಹೋಗಿ ನಿಲ್ಲಿಸಿದ ಹಾಗೆ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ರಲ್ಲ, ಅಲ್ಲಿ ಕೊಂದಿದ್ದು ಉರಿಗಿಂತ ಹೆಚ್ಚಾಗಿ ಹೊಗೆ. ಉಸಿರಾಡೋಕೆ ಆಗದೆ ಕಿಟಕಿ ಗಾಜು ಒಡೆದು ಜನ ಮೇಲಿಂದ ಹಾರಿದ್ರು. ಹೊಗೆ ತುಂಬಿದ ಮೇಲೆ ಬಾಗಿಲ ಮುಂದೆ ನಿಂತು ಬೀಗದ ಕೈ ಯಾರ ಹತ್ರ ಇದೆ ಅಂತ ಹುಡುಕೋಕೆ ಟೈಮ್ ಇರಲ್ಲ.

ಛತ್ರಗಳಲ್ಲಿ ಊಟದ ಹಾಲ್ ಹಿಂದಿನ ಬಾಗಿಲಿಗೆ ಬೀಗ ಹಾಕೋಕೆ ಕಾರಣ ಎಲ್ಲರಿಗೂ ಗೊತ್ತು: ಕರೀದೇ ಬಂದು ಊಟ ಮಾಡಿ ಹೋಗೋರು, ಚಪ್ಪಲಿ ಕಳ್ಳರು, ಉಡುಗೊರೆ ಎತ್ಕೊಂಡು ಹೋಗೋರು. ಓನರ್ ಮೇಲೆ ರೇಗಿ ಪ್ರಯೋಜನ ಇಲ್ಲ, ಅವರ ಕಷ್ಟಕ್ಕೂ ದಾರಿ ತೋರಿಸ್ಬೇಕು. ಬೀಗ ತೆಗೆದು ಪ್ಯಾನಿಕ್ ಬಾರ್ ಹಾಕಿಸಿ, ಒಳಗಿಂದ ತಳ್ಳಿದ್ರೆ ತೆರೆಯತ್ತೆ, ಹೊರಗಿಂದ ಬರೋಕಾಗಲ್ಲ. ಅದಕ್ಕೊಂದು ಡೋರ್ ಅಲಾರಾಂ ಸೇರಿಸಿದ್ರೆ ಯಾರು ತೆಗೆದ್ರೂ ಕೂಗ್ಕೊಳ್ಳತ್ತೆ. ಅದೂ ಆಗಲ್ಲ ಅಂದ್ರೆ ಫಂಕ್ಷನ್ ನಡೆಯೋ ಅಷ್ಟೂ ಹೊತ್ತು ಆ ಬಾಗಿಲಿಗೆ ಬೀಗ ತೆಗೆದು ಒಬ್ಬ ಮನುಷ್ಯನ್ನ ಕೂರಿಸ್ಲೇಬೇಕು.

ಆಫೀಸ್ ಬಿಲ್ಡಿಂಗಲ್ಲಿ ಬೇರೆ ತೊಂದರೆ, ಕಾರ್ಡ್ ತೋರಿಸಿದ್ರೆ ತೆರೆಯೋ ಮ್ಯಾಗ್ನೆಟಿಕ್ ಲಾಕು. "ಕರೆಂಟ್ ಹೋದ್ರೆ ಮ್ಯಾಗ್ನೆಟ್ ಬಿಡತ್ತೆ ಬಿಡಿ ಸಾರ್" ಅಂತಾರೆ. ನಿಜ, ಬಿಡ್ಬೇಕು. ಆದ್ರೆ ಆ ಆಕ್ಸೆಸ್ ಕಂಟ್ರೋಲ್ ಡಬ್ಬದೊಳಗೆ ಒಂದು ಬ್ಯಾಟರಿ ಕೂತಿರತ್ತೆ, ಅದು ಕರೆಂಟ್ ಹೋದ ಮೇಲೂ ಗಂಟೆಗಟ್ಟಲೆ ಬಾಗಿಲನ್ನ ಹಿಡ್ಕೊಂಡಿರತ್ತೆ. ಟೆಸ್ಟ್ ಹೀಗೆ ಮಾಡಿ: ಫೈರ್ ಅಲಾರಾಂ ಕಾಲ್ ಪಾಯಿಂಟ್ (ಅಲಾರಾಂ ಹೊಡೆಸೋಕೆ ಗೋಡೆ ಮೇಲಿರೋ ಡಬ್ಬ) ಒತ್ತಿ, ಬಾಗಿಲು ತಾನಾಗೇ ಬಿಡಬೇಕು. ಬಿಡಲಿಲ್ಲ ಅಂದ್ರೆ ಅಲಾರಾಂ ಪ್ಯಾನಲ್‌ಗೂ ಲಾಕಿಗೂ ವೈರ್ ಕನೆಕ್ಷನ್ನೇ ಕೊಟ್ಟಿಲ್ಲ ಅಂತ ಅರ್ಥ. ಆಮೇಲೆ ಬಾಗಿಲ ಪಕ್ಕ ಇರೋ ಹಸಿರು ಬ್ರೇಕ್ ಗ್ಲಾಸ್ ಡಬ್ಬ ಬೇರೆಯಾಗಿ ನೋಡಿ, ಎಷ್ಟೋ ಕಡೆ ಅದು ಬರೀ ಡಬ್ಬ, ಒಳಗೆ ವೈರೇ ಇರಲ್ಲ.

ಪಿಜಿಗಳಲ್ಲಿ ರಾತ್ರಿ ಹತ್ತಕ್ಕೆ ಕೆಳಗಿನ ಗ್ರಿಲ್ ಗೇಟಿಗೆ ಬೀಗ ಹಾಕಿ ವಾರ್ಡನ್ ಮಲ್ಕೊಳ್ತಾರೆ. ಇದರ ಬಗ್ಗೆ ನಾನು ಮೃದುವಾಗಿ ಹೇಳೋಕೆ ಹೋಗಲ್ಲ, ಒಳಗಿಂದ ಬೀಗದ ಕೈ ಇಲ್ಲದೇ ತೆಗೆಯೋಕೆ ಬರೋ ಲಾಕ್ ಹಾಕ್ಸಿ, ಇಲ್ಲಾಂದ್ರೆ ಆ ಬಿಲ್ಡಿಂಗಲ್ಲಿ ಜನರನ್ನ ಇಡಬೇಡಿ.

ಮೆಟ್ಟಿಲ ಮೇಲೆ, ಮೆಟ್ಟಿಲ ಕೆಳಗೆ ಇರೋ ಹಳೇ ಮಂಚ, ನೀರಿನ ಕ್ಯಾನು, ಶೂ ರ‍್ಯಾಕು, ಪೇಂಟ್ ಡಬ್ಬ, ಡೆಕೋರೇಶನ್ ಥರ್ಮಾಕೋಲು ಎಲ್ಲಾ ಇವತ್ತೇ ಖಾಲಿ ಆಗ್ಬೇಕು. ನಾಳೆ ಅಂದ್ರೆ ಅದು ನೂರು ವರ್ಷ ಅಲ್ಲೇ ಇರತ್ತೆ.

ಹಂತ 3: ಲೈಟ್ ಎಲ್ಲಿ ಬೇಕು, ಎಲ್ಲಿದೆ

ಹಂತ 1ರ ಸುತ್ತುಗಳ್ನ ತಗೊಳ್ಳಿ. ಪ್ರತಿ ಸುತ್ತಿನ ಹತ್ರ ಒಂದು ಲೈಟ್ ಇರ್ಬೇಕು: ಪ್ರತಿ ಎಕ್ಸಿಟ್ ಬಾಗಿಲು, ಪ್ರತಿ ತಿರುವು, ಮೆಟ್ಟಿಲಿನ ಪ್ರತಿ ಸಾಲಿಗೂ ನೇರ ಬೆಳಕು, ನೆಲದ ಮಟ್ಟ ಬದಲಾಗೋ ಜಾಗ, ಫೈರ್ ಅಲಾರಾಂ ಕಾಲ್ ಪಾಯಿಂಟ್ ಮತ್ತೆ ಫೈರ್ ಎಕ್ಸ್‌ಟಿಂಗ್ವಿಶರ್ ಇರೋ ಜಾಗ, ಮತ್ತೆ ಕೊನೇ ಬಾಗಿಲ ಆಚೆ. ಆಚೆಗಿನದನ್ನ ಎಲ್ಲರೂ ಮರೀತಾರೆ. ಒಳಗೆ ಬೆಳಕು ಆಚೆ ಕತ್ತಲು ಇದ್ರೆ ಜನ ಬಾಗಿಲಲ್ಲೇ ಒಂದು ಕ್ಷಣ ನಿಲ್ತಾರೆ, ಹಿಂದಿನವರು ತಳ್ತಾರೆ.

ಎತ್ತರದ ಬಗ್ಗೆ: ಚೆನ್ನಾಗಿ ಕಾಣ್ಲಿ ಅಂತ ಸೀಲಿಂಗಿಗೆ ಅಂಟಿಸಿಬಿಡ್ತಾರೆ. ಹೊಗೆ ಮೊದಲು ಮೇಲೇ ಸೇರೋದು, ಹಂಗಾಗಿ ಸೀಲಿಂಗ್ ಲೈಟು ಮೊದಲ ನಿಮಿಷಗಳಲ್ಲೇ ಮುಚ್ಕೊಂಡು ಹೋಗತ್ತೆ. ಆದಷ್ಟು ಕೆಳಗೆ ಹಾಕಿ, ಆದ್ರೆ ತಲೆಗೆ ತಾಗದ ಹಾಗೆ ನೆಲದಿಂದ 2 ಮೀಟರ್‌ಗಿಂತ ಕಮ್ಮಿ ಬೇಡ.

ಎಕ್ಸಿಟ್ ಬೋರ್ಡಲ್ಲಿ ಓಡೋ ಮನುಷ್ಯನ ಚಿತ್ರ ಇರ್ಲಿ, ಬಾಣ ನಿಜವಾದ ದಿಕ್ಕಿಗೇ ಇದೆಯಾ ಅಂತ ನಿಂತು ನೋಡಿ. ನಗ್ಬೇಡಿ, ಬೋರ್ಡ್ ತಿರುಗಾ ಮುರುಗಾ ಹಾಕಿ ಬಾಣ ಸ್ಟೋರ್ ರೂಮಿಗೆ ತೋರಿಸ್ತಿದ್ದನ್ನ ನಾನೇ ನೋಡಿದೀನಿ. ಕನ್ನಡದಲ್ಲಿ "ನಿರ್ಗಮನ" ಅಂತ ಬರೆಸಿದ್ರೆ ಸಂತೋಷ, ಆದ್ರೆ ಚಿತ್ರ ಬಿಡಬೇಡಿ, ಬೆಂಗಳೂರಲ್ಲಿ ಅಡುಗೆಯವರಿಂದ ಹಿಡಿದು ಸೆಕ್ಯೂರಿಟಿ ತನಕ ಎಲ್ಲಾ ಭಾಷೆಯವರೂ ಇರ್ತಾರೆ.

ಕತ್ತಲಲ್ಲಿ ಹೊಳೆಯೋ ಸ್ಟಿಕ್ಕರ್ ಮೆಟ್ಟಿಲಿಗೆ ಅಂಟಿಸಿದೀವಿ ಅನ್ನೋರಿಗೆ ಒಂದು ಮಾತು. ಅದು ಬೆಳಕು ಕುಡಿದು ಆಮೇಲೆ ಹೊಳೆಯೋ ಸಾಮಾನು. ನಿಮ್ಮ ಮೆಟ್ಟಿಲಲ್ಲಿ ಸೆನ್ಸರ್ ಲೈಟ್ ಹಾಕಿ ಯಾವಾಗ್ಲೂ ಕತ್ತಲೇ ಇಟ್ಟಿದ್ರೆ ಅದು ಕುಡಿಯೋದೇನು, ಹೊಳೆಯೋದೇನು.

ಇದೆಲ್ಲಾ ಆದ ಮೇಲೆ ಪ್ರತಿ ಲೈಟಿಗೂ ಮಾರ್ಕರಲ್ಲಿ ನಂಬರ್ ಬರೀರಿ. ಅದೇ ನಂಬರ್ ಪ್ಲಾನ್ ಮೇಲೂ ಬರೀರಿ.

ಹಂತ 4: ಯಾವ ಲೈಟಿಗೆ ಯಾವ ಲೈನ್, ಕಂಡುಹಿಡೀರಿ

ಇದು ಇಡೀ ಕೆಲಸದ ಹೊಟ್ಟೆ. ಬಹಳ ಜನ ಫೇಲ್ ಆಗೋದು ಇಲ್ಲೇ, ಯಾಕಂದ್ರೆ ಕಣ್ಣಿಗೆ ಕಾಣಲ್ಲ.

ಬ್ಯಾಟರಿ ಒಳಗೇ ಇರೋ ಎಮರ್ಜೆನ್ಸಿ ಲೈಟ್ ಕೆಲಸ ಮಾಡೋ ರೀತಿ ಸರಳ. ಅದಕ್ಕೆ ಬರೋ ಕರೆಂಟ್ ಇರೋವರೆಗೂ ಚಾರ್ಜ್ ಆಗ್ತಿರತ್ತೆ, ಕರೆಂಟ್ ನಿಂತ ಕೂಡ್ಲೇ ಉರಿಯತ್ತೆ. ಹಂಗಾದ್ರೆ ಯಾವ ಕರೆಂಟ್ ನಿಂತಾಗ ಅದು ಉರೀಬೇಕು? ಆ ಪ್ಯಾಸೇಜಿನ ಸಾಮಾನ್ಯ ಲೈಟ್ ಯಾವ ಎಂಸಿಬಿಯಿಂದ (ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್) ಬರ್ತಿದೆಯೋ ಅದೇ ನಿಂತಾಗ. ಬೆಂಕಿ ಶುರುವಲ್ಲಿ ಇಡೀ ಬಿಲ್ಡಿಂಗ್ ಕರೆಂಟ್ ಹೋಗ್ಬೇಕು ಅಂತೇನಿಲ್ಲ, ಒಂದು ಫ್ಲೋರಿನ ಒಂದು ಎಂಸಿಬಿ ಮಾತ್ರ ಟ್ರಿಪ್ ಆಗಬಹುದು. ಆಗ ಪ್ಯಾಸೇಜ್ ಕತ್ತಲು. ಎಮರ್ಜೆನ್ಸಿ ಲೈಟನ್ನ ಎಲೆಕ್ಟ್ರಿಷಿಯನ್ ಸುಲಭ ಆಯ್ತು ಅಂತ ಪಕ್ಕದ ಪ್ಲಗ್ ಪಾಯಿಂಟಿಂದ ಎಳೆದಿದ್ರೆ ಅದಕ್ಕೆ ಕರೆಂಟ್ ಬರ್ತಾನೇ ಇರತ್ತೆ, "ಎಲ್ಲಾ ಸರಿ ಇದೆಯಲ್ಲ" ಅಂದ್ಕೊಂಡು ಸುಮ್ನೆ ಕೂತಿರತ್ತೆ.

ನೋಡೋ ವಿಧಾನ: ವೈರ್‌ಮನ್‌ಗೆ ಡಿಬಿ ಹತ್ರ ನಿಲ್ಲೋಕೆ ಹೇಳಿ, ಫೋನಲ್ಲಿ ಲೈನಲ್ಲಿರಿ. ಒಂದೊಂದೇ ಲೈಟಿಂಗ್ ಎಂಸಿಬಿ ಕೆಳಗೆ ಇಳಿಸಿಸಿ. ಸಾಮಾನ್ಯ ಲೈಟ್ ಆರಿದ ಜಾಗದಲ್ಲೆಲ್ಲ ಎಮರ್ಜೆನ್ಸಿ ಲೈಟ್ ಉರೀತಾ? ಉರೀಲಿಲ್ಲ ಅಂದ್ರೆ ಎರಡೇ ಕಾರಣ, ಒಂದೋ ಬೇರೆ ಲೈನಲ್ಲಿದೆ, ಇಲ್ಲಾ ಸತ್ತಿದೆ. ಎಂಸಿಬಿ ನಂಬರನ್ನ ಲೈಟ್ ನಂಬರ್ ಪಕ್ಕ ಬರ್ಕೊಳ್ಳಿ, ಡಿಬಿ ಮೇಲೂ ಟೇಪ್ ಅಂಟಿಸಿ ಬರೀರಿ.

ಇನ್ನು ಮೂರು ಬಲೆಗಳಿವೆ.

ಒಂದು, ಸ್ವಿಚ್ ಆದ ಮೇಲಿನ ವೈರು. ಎಮರ್ಜೆನ್ಸಿ ಲೈಟಿಗೆ ಸ್ವಿಚ್ಚಿಗಿಂತ ಮುಂಚಿನ ಫೇಸ್ ಬೇಕು. ಸ್ವಿಚ್ ಆದ ಮೇಲಿಂದ ಅಥವಾ ಸೆನ್ಸರ್ ಆದ ಮೇಲಿಂದ ಎಳೆದ್ರೆ, ಯಾರಾದ್ರೂ ಲೈಟ್ ಆಫ್ ಮಾಡಿದಾಗೆಲ್ಲ ಅದು ಕರೆಂಟ್ ಹೋಯ್ತು ಅಂದ್ಕೊಂಡು ಉರಿದು ಬ್ಯಾಟರಿ ಖಾಲಿ ಮಾಡ್ಕೊಳ್ಳತ್ತೆ. ಸೆನ್ಸರ್ ಇರೋ ಮೆಟ್ಟಿಲಲ್ಲಿ ದಿನಕ್ಕೆ ಎಷ್ಟು ಸಲ ಹಂಗಾಗತ್ತೆ ಲೆಕ್ಕ ಹಾಕಿ.

ಎರಡು, ಛತ್ರದ ಮೇನ್ ಸ್ವಿಚ್. ಫಂಕ್ಷನ್ ಮುಗಿದು ಎಲ್ಲರೂ ಹೋದ ಮೇಲೆ ವಾಚ್‌ಮನ್ ಕರೆಂಟ್ ಉಳೀಲಿ ಅಂತ ಮೇನೇ ಇಳಿಸಿ ಮಲ್ಕೊಳ್ತಾರೆ. ಅಷ್ಟೂ ಎಮರ್ಜೆನ್ಸಿ ಲೈಟು ಖಾಲಿ ಹಾಲಲ್ಲಿ ಉರಿದು ಉರಿದು ಪೂರ್ತಿ ಬರಿದಾಗಿ, ಮುಂದಿನ ಮದುವೆ ತನಕ ಹಂಗೇ ಬರಿದಾಗಿ ಇರ್ತವೆ. ಲೆಡ್ ಆಸಿಡ್ ಬ್ಯಾಟರಿ ಖಾಲಿ ಸ್ಥಿತೀಲಿ ದಿನಗಟ್ಟಲೆ ಇದ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಪೂರ್ತಿ ಚಾರ್ಜ್ ತಗೊಳ್ಳೋದೇ ಇಲ್ಲ. ನಾನು ಮೊದಲು ಹೇಳಿದ ಆ 14 ಲೈಟಿನ ಛತ್ರದಲ್ಲಿ ನಡೆದಿದ್ದು ಇದೇ, ಬ್ಯಾಟರಿ ಕಂಪನಿ ತಪ್ಪು ಏನೂ ಇರಲಿಲ್ಲ. ಪರಿಹಾರ: ಮೇನ್ ಇಳಿಸ್ಬೇಡಿ. ಎಸಿ, ಹಾಲ್ ಲೈಟು, ಅಡುಗೆಮನೆ ಇವುಗಳ ಎಂಸಿಬಿ ಮಾತ್ರ ಇಳಿಸಿ, ಪ್ಯಾಸೇಜ್ ಮತ್ತೆ ಮೆಟ್ಟಿಲ ಲೈಟಿನ ಎಂಸಿಬಿಗೆ ಕೆಂಪು ಟೇಪ್ ಸುತ್ತಿ "ಇದನ್ನ ಆಫ್ ಮಾಡಬಾರದು" ಅಂತ ಬರೀರಿ, ಲೈಟು ಬೇಡ ಅಂದ್ರೆ ಸ್ವಿಚ್ಚಲ್ಲಿ ಆರಿಸಿ.

ಮೂರು, ಇನ್ವರ್ಟರ್ ಅಥವಾ ಯುಪಿಎಸ್ ಲೈನಿಂದ ಬರೋ ಎಕ್ಸಿಟ್ ಬೋರ್ಡು. ಒಳಗೆ ಬ್ಯಾಟರಿ ಇಲ್ಲ, ಎಲ್ಲಾ ನಂಬಿಕೆ ಒಂದೇ ಯುಪಿಎಸ್ ಮೇಲೆ. ಆ ಯುಪಿಎಸ್ ಬೇಸ್‌ಮೆಂಟಲ್ಲಿದ್ದು ಬೆಂಕೀನೂ ಬೇಸ್‌ಮೆಂಟಲ್ಲೇ ಆದ್ರೆ ಒಂದೇ ಏಟಿಗೆ ಎಲ್ಲಾ ಬೋರ್ಡೂ ಆರತ್ತೆ. ಕನಿಷ್ಠ ಮೆಟ್ಟಿಲು ಮತ್ತೆ ಕೊನೇ ಬಾಗಿಲಿಗಾದ್ರೂ ಸ್ವಂತ ಬ್ಯಾಟರಿ ಇರೋ ಲೈಟ್ ಹಾಕಿ.

ಹಂತ 5: ತಿಂಗಳ ಟೆಸ್ಟ್, ಸಣ್ಣದು

ತಿಂಗಳಿಗೊಂದ್ಸಲ, ಬಟನ್ ಅಲ್ಲ, ಎಂಸಿಬಿ ಇಳಿಸಿ. ಒಂದು ಫ್ಲೋರ್ ಆದ ಮೇಲೆ ಇನ್ನೊಂದು, ಐದು ನಿಮಿಷ ಆರಿಸಿಟ್ಟು ಎಲ್ಲಾ ಲೈಟ್ ಮುಂದೆ ಒಂದು ಸುತ್ತು ಹೋಗಿ ಬನ್ನಿ. ಕರೆಂಟ್ ಹೋದಾಗಿಂದ ಉರಿಯೋವರೆಗೂ ಮನಸ್ಸಲ್ಲೇ ಎಣಿಸಿ, ಐದು ದಾಟಬಾರದು. ವಾಪಸ್ ಕರೆಂಟ್ ಕೊಟ್ಟ ಮೇಲೆ ಚಾರ್ಜಿಂಗ್ ಇಂಡಿಕೇಟರ್ ಬಂತಾ ಅಂತ ಇನ್ನೊಂದು ಸುತ್ತು. ಈ ಎರಡನೇ ಸುತ್ತನ್ನ ಯಾರೂ ಮಾಡಲ್ಲ, ಸತ್ತ ಚಾರ್ಜರ್ ಸಿಕ್ಕಿಬೀಳೋದೇ ಅದರಲ್ಲಿ. ಚಾರ್ಜರ್ ಕೆಟ್ಟಿದ್ರೂ ಉಳಿದಿರೋ ಬ್ಯಾಟರೀಲಿ ಆ ತಿಂಗಳು ಚೆಂದವಾಗೇ ಉರಿಯತ್ತೆ, ಮುಂದಿನ ತಿಂಗಳು ಇಲ್ಲ.

ಕವರ್ ಮೇಲಿನ ಧೂಳು, ಸತ್ತ ಹುಳ ಒರೆಸಿ. ಅಷ್ಟಕ್ಕೇ ಬೆಳಕು ಎಷ್ಟು ಜಾಸ್ತಿ ಆಗತ್ತೆ ನೋಡಿ.

ಹಂತ 6: 90 ನಿಮಿಷದ ಟೆಸ್ಟ್

ವರ್ಷಕ್ಕೊಂದ್ಸಲ ಕಡ್ಡಾಯ, ಹಳೇ ಬ್ಯಾಟರಿ ಇದ್ರೆ ಆರು ತಿಂಗಳಿಗೆ. ಯಾವಾಗ ಮಾಡ್ಬೇಕು ಅನ್ನೋದು ತುಂಬಾ ಮುಖ್ಯ. ಟೆಸ್ಟ್ ಮುಗಿದಾಗ ಬ್ಯಾಟರಿಗಳೆಲ್ಲ ಖಾಲಿ ಇರ್ತವೆ, ಮತ್ತೆ ಪೂರ್ತಿ ತುಂಬೋಕೆ ಒಂದು ಇಡೀ ದಿನ ಬೇಕು. ಮದುವೆ ಹಿಂದಿನ ರಾತ್ರಿ ಟೆಸ್ಟ್ ಮಾಡಿದ್ರೆ ನೀವೇ ಆ ಮದುವೆಗೆ ಎಮರ್ಜೆನ್ಸಿ ಲೈಟ್ ಇಲ್ಲದ ಹಾಗೆ ಮಾಡಿದ ಹಾಗೆ. ಛತ್ರದವರಿಗೆ ಆಷಾಢ ಮಾಸ ದೇವರು ಕೊಟ್ಟ ಟೈಮು, ಇಲ್ಲಾ ಧನುರ್ಮಾಸ. ಆಫೀಸಿಗೆ ಶುಕ್ರವಾರ ರಾತ್ರಿ. ಪಿಜಿ ಯಾವತ್ತೂ ಖಾಲಿ ಇರಲ್ಲ, ಅಲ್ಲಿ ಒಂದು ವಾರ ಸರಿ ಸಂಖ್ಯೆ ಲೈಟು, ಮುಂದಿನ ವಾರ ಬೆಸ ಸಂಖ್ಯೆ ಲೈಟು ಅಂತ ಒಂದು ಬಿಟ್ಟು ಒಂದು ಟೆಸ್ಟ್ ಮಾಡಿ. ಒಂದೇ ಎಂಸಿಬೀಲಿ ಎರಡೂ ಇದ್ದಾಗ ವೈರ್‌ಮನ್ ಕೈಲಿ ಒಂದೊಂದು ಲೈಟನ್ನೇ ಬೇರೆ ಮಾಡಿಸ್ಬೇಕು, ಸ್ವಲ್ಪ ತಲೆನೋವು, ಆದ್ರೆ ಬೇರೆ ದಾರಿ ಇಲ್ಲ.

ಹಿಂದಿನ 24 ಗಂಟೆ ಕರೆಂಟ್ ಬಿಡದೇ ಇರ್ಲಿ, ಪವರ್ ಕಟ್ ಆಗಿದ್ರೆ ಮುಂದಕ್ಕೆ ಹಾಕಿ. ಸೂರ್ಯ ಮುಳುಗಿದ ಮೇಲೆ ಶುರು ಮಾಡಿ. ಲಿಫ್ಟ್ ಕೆಳಗೆ ತಂದು ಬಾಗಿಲು ತೆರೆದು ಖಾಲಿ ಇದೆ ಅಂತ ಕಣ್ಣಾರೆ ನೋಡಿ ಆಫ್ ಮಾಡಿ. ವಾಚ್‌ಮನ್, ಅಡುಗೆಯವರು, ಮೇಲೆ ಮಲಗಿರೋರು ಎಲ್ಲರಿಗೂ ಹೇಳಿ. ಡಿಜಿಯನ್ನ ಆಟೋದಿಂದ ಆಫಿಗೆ ತಿರುಗಿಸಿ. ಆಮೇಲೆ ಲೈಟಿಂಗ್ ಡಿಬಿ ಇಳಿಸಿ, ಟೈಮ್ ಬರ್ಕೊಳ್ಳಿ.

ಶುರುವಲ್ಲಿ ಒಂದು ಸುತ್ತು, ಆಮೇಲೆ ಪ್ರತಿ 15 ನಿಮಿಷಕ್ಕೊಂದು ಸುತ್ತು. ಯಾವ ನಂಬರ್ ಎಷ್ಟು ಹೊತ್ತಿಗೆ ಆರಿತು ಅನ್ನೋದನ್ನೇ ಬರೀರಿ. "ಮಂಕಾಗಿದೆ" ಅನ್ನೋದೂ ಫೇಲೇ. ಕೊನೇ ಸುತ್ತಲ್ಲಿ ಲಕ್ಸ್ ಮೀಟರನ್ನ ನೆಲದ ಮೇಲೆ ಇಟ್ಟು ನೋಡಿ, ಕೈಯಲ್ಲಿ ಎತ್ತಿ ಹಿಡಿದು ನೋಡಿದ್ರೆ ಲೈಟಿಗೆ ಹತ್ರ ಆಗಿ ಸುಳ್ಳು ನಂಬರ್ ಬರತ್ತೆ. ಮೀಟರ್ ಇಲ್ಲಾಂದ್ರೆ ವಯಸ್ಸಾದವರೊಬ್ಬರನ್ನ ಕರ್ಕೊಂಡು ಬನ್ನಿ, ಟಾರ್ಚ್ ಹಿಡಿದು ನೀವು ಪಕ್ಕದಲ್ಲೇ ಇರಿ, ಮೆಟ್ಟಿಲ ಅಂಚು ಕಾಣ್ತಿದೆಯಾ ಅಂತ ಅವರನ್ನ ಕೇಳಿ. ನಮ್ಮ ಛತ್ರಕ್ಕೆ ಬರೋರಲ್ಲಿ ಅರ್ಧ ಜನ ಅಜ್ಜ ಅಜ್ಜಿಯರು, ಇಪ್ಪತ್ತೈದರ ಎಲೆಕ್ಟ್ರಿಷಿಯನ್ ಹುಡುಗನ ಕಣ್ಣಿಗೆ ಕಂಡ್ರೆ ಪಾಸ್ ಅಂತ ಅಲ್ಲ.

ಮುಗಿದ ಮೇಲೆ ಲೈಟಿಂಗ್ ಡಿಬಿ ಮೇಲೆತ್ತಿ, ಡಿಜಿ ಆಟೋಗೆ ಹಾಕಿ, ಲಿಫ್ಟ್ ಆನ್ ಮಾಡಿ. ಈ ಮೂರನ್ನೂ ಗಟ್ಟಿಯಾಗಿ ಬಾಯಲ್ಲಿ ಹೇಳ್ಕೊಂಡೇ ಮಾಡಿ, ಸುಸ್ತಾಗಿ ಡಿಜಿ ಆಫಲ್ಲೇ ಬಿಟ್ಟು ಹೋಗೋರು ಇದ್ದಾರೆ. ನಾನೂ ಒಂದ್ಸಲ ಹೋಗಿದೀನಿ.

ಹಂತ 7: ಫೇಲಾದ ಲೈಟಿನ ಬ್ಯಾಟರಿ

ಸಾಮಾನ್ಯವಾಗಿ ಒಳಗಿರೋದು 6 ವೋಲ್ಟ್ 4.5 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋ ಅಳತೆ) ಅಥವಾ 12 ವೋಲ್ಟ್ 7 ಎಎಚ್ ಸೀಲ್ಡ್ ಲೆಡ್ ಆಸಿಡ್, ಹೊಸ ಮಾಡೆಲಲ್ಲಿ ಲಿಥಿಯಂ. ಒಂದು ಲೆಕ್ಕ ನೋಡಿ: 6 ವೋಲ್ಟ್ 4.5 ಎಎಚ್ ಅಂದ್ರೆ 27 ವ್ಯಾಟ್ ಅವರ್. 5 ವ್ಯಾಟ್ ಎಲ್‌ಇಡಿಗೆ 90 ನಿಮಿಷಕ್ಕೆ ಬೇಕಿರೋದು ಏಳೂವರೆ. ಅಂದ್ರೆ ಹೊಸ ಬ್ಯಾಟರಿ ಆರಾಮಾಗಿ ಎಳೆಯತ್ತೆ, 90 ನಿಮಿಷಕ್ಕೇ ಸುಸ್ತಾಯ್ತು ಅಂದ್ರೆ ಅದರಲ್ಲಿ ಕಾಲು ಭಾಗದಷ್ಟು ಜೀವ ಉಳಿದಿದ್ರೆ ಹೆಚ್ಚು. ಅದನ್ನ "ಇನ್ನೊಂದು ಆರು ತಿಂಗಳು ನೋಡೋಣ" ಅನ್ನೋದು ಬೇಡ.

ಮಲ್ಟಿಮೀಟರ್ ಇಟ್ಟು 12.6 ತೋರಿಸ್ತಿದೆ, ಬ್ಯಾಟರಿ ಚೆನ್ನಾಗಿದೆ ಅಂತ ವಾದ ಮಾಡೋ ಎಲೆಕ್ಟ್ರಿಷಿಯನ್‌ಗಳು ಸಿಗ್ತಾರೆ. ಲೋಡ್ ಇಲ್ಲದೇ ಅಳೆದ್ರೆ ಸತ್ತ ಬ್ಯಾಟರೀನೂ ಹಂಗೇ ತೋರಿಸತ್ತೆ. ಲೈಟ್ ಉರೀತಿರೋವಾಗ ಅಳೀರಿ, 12 ವೋಲ್ಟಿನದು ಕೆಲವೇ ನಿಮಿಷಕ್ಕೆ 10.5ರ ಹತ್ರ ಜಾರಿದ್ರೆ ಕಥೆ ಮುಗೀತು. ಬದಲಿಸುವಾಗ ಅದೇ ವೋಲ್ಟು, ಅದೇ ಎಎಚ್, ಅದೇ ಜಾತಿ. ಲೆಡ್ ಆಸಿಡ್ ಚಾರ್ಜರಿಗೆ ಲಿಥಿಯಂ ಬ್ಯಾಟರಿ ಸಿಕ್ಕಿಸೋದು ಬೆಂಕಿ ತಡೆಯೋಕೆ ಹೋಗಿ ಬೆಂಕಿ ಹಚ್ಚಿದ ಹಾಗೆ. ಬ್ಯಾಟರಿ ಮೈಮೇಲೆ ಹಾಕಿದ ತಾರೀಕು ಬರೀರಿ. ಹಳೇದನ್ನ ಕಸದ ಗಾಡಿಗೆ ಹಾಕ್ಬೇಡಿ, ಹೊಸದು ಕೊಟ್ಟ ಅಂಗಡಿಗೇ ವಾಪಸ್ ಕೊಡಿ.

ಅಡುಗೆಮನೆ ಬಾಗಿಲ ಮೇಲಿರೋ ಲೈಟಿನ ಬ್ಯಾಟರಿ ಬೇರೆಯದಕ್ಕಿಂತ ಬೇಗ ಹೋಗತ್ತೆ, ಬಿಸಿ ಕಾರಣ. ಸುಮಾರು 10 ಡಿಗ್ರಿ ಬಿಸಿ ಜಾಸ್ತಿ ಆದ್ರೆ ಲೆಡ್ ಆಸಿಡ್ ಆಯಸ್ಸು ಅರ್ಧಕ್ಕೆ ಇಳಿಯತ್ತೆ ಅಂತ ಲೆಕ್ಕ ಇಟ್ಕೊಳ್ಳಿ.

ತಕ್ಷಣ ಬಿಚ್ಚಬೇಕಾದ ಸೂಚನೆಗಳು: ಬ್ಯಾಟರಿ ಹೊಟ್ಟೆ ಉಬ್ಬಿರೋದು, ಟರ್ಮಿನಲ್ ಮೇಲೆ ಬಿಳಿ ಪುಡಿ, ಲೈಟಿನ ಡಬ್ಬ ಮುಟ್ಟಿದ್ರೆ ಬಿಸಿ, ಹುಳಿ ವಾಸನೆ, ಪ್ಲಾಸ್ಟಿಕ್ ಹಳದಿ ತಿರುಗಿರೋದು. ಇಂಥದಕ್ಕೆ ಮುಂದಿನ ತಿಂಗಳ ಟೆಸ್ಟ್ ಕಾಯಬೇಡಿ.

ಹಂತ 8: ಹೋಗ್ತಾ ಹೋಗ್ತಾ ಇವನ್ನೂ ನೋಡಿ

ಎಬಿಸಿ ಪೌಡರ್ ಎಕ್ಸ್‌ಟಿಂಗ್ವಿಶರಲ್ಲಿ ಪ್ರೆಶರ್ ಮೀಟರಿನ ಮುಳ್ಳು ಹಸಿರಲ್ಲಿದೆಯಾ, ಪಿನ್ ಮತ್ತೆ ಸೀಲ್ ಇದೆಯಾ. ಸಿಒಟು ಸಿಲಿಂಡರಿಗೆ ಮುಳ್ಳೇ ಇರಲ್ಲ, ತೂಕ ಹಾಕಿ ನೋಡ್ಬೇಕು, ಅದು ಪ್ಯಾನಲ್ ರೂಮ್ ಹತ್ರ ಇರ್ಲಿ. ಕುದಿಯೋ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕಬಾರದು ಅಂತ ಅಡುಗೆ ಭಟ್ರಿಗೆ ಗೊತ್ತಿರತ್ತೆ, ಅವರ ಸಹಾಯಕ ಹುಡುಗರಿಗೆ ಗೊತ್ತಿರಲ್ಲ, ಅವರಿಗೆ ಹೇಳಿ. ಗ್ಯಾಸ್ ಸಿಲಿಂಡರ್ ಹೊರಬಾಗಿಲ ದಾರೀಲಿ ಸಾಲಾಗಿ ಇಟ್ಟಿದ್ರೆ ಎತ್ತಿಸಿ.

101 ಮತ್ತೆ 112, ಜೊತೆಗೆ ಬಿಲ್ಡಿಂಗಿನ ಪೂರ್ತಿ ವಿಳಾಸ, ಹತ್ತಿರದ ಲ್ಯಾಂಡ್‌ಮಾರ್ಕ್ ದೊಡ್ಡ ಅಕ್ಷರದಲ್ಲಿ ಸೆಕ್ಯೂರಿಟಿ ಟೇಬಲ್ ಹತ್ರ ಅಂಟಿಸಿ. ಗಾಬರೀಲಿ ಜನ "ನಮ್ಮ ಛತ್ರಕ್ಕೆ ಬನ್ನಿ" ಅಂತ ಹೇಳಿ ಫೋನ್ ಇಟ್ಟುಬಿಡ್ತಾರೆ. ಒಂದೇ ಏರಿಯಾದಲ್ಲಿ ನಾಲ್ಕನೇ ಕ್ರಾಸು, ನಾಲ್ಕನೇ ಮೇನು ಎರಡೂ ಇರೋ ಊರು ಇದು.

ಹಂತ 9: ಕತ್ತಲಲ್ಲಿ ನಡೆಸಿ ನೋಡಿ

ಲೈಟೆಲ್ಲಾ ಪಾಸಾದ ಮೇಲೆ ಸಿಬ್ಬಂದಿಯನ್ನೆಲ್ಲ ಸೇರಿಸಿ ಒಂದ್ಸಲ ಲೈಟಿಂಗ್ ಆರಿಸಿ, ಎಮರ್ಜೆನ್ಸಿ ಲೈಟಲ್ಲೇ ಹೊರಗೆ ಬರೋಕೆ ಹೇಳಿ. ಮೊದಲ ಸಲ ಎಲ್ಲರೂ ನಗ್ತಾ ಮುಂಬಾಗಿಲಿಗೇ ಬರ್ತಾರೆ. ಎರಡನೇ ಸಲ ಮುಂಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಟ್ಟು "ಇಲ್ಲಿ ಬೆಂಕಿ" ಅನ್ನಿ, ಆಗ ಗೊತ್ತಾಗತ್ತೆ ಯಾರಿಗೆ ಹಿಂದಿನ ಮೆಟ್ಟಿಲು ಗೊತ್ತು ಅಂತ.

ಯಾರು ಏನು ಮಾಡ್ಬೇಕು ಅನ್ನೋದು ಮೊದಲೇ ಗೊತ್ತಿರ್ಲಿ. ಒಬ್ರು ಫೋನ್, ಒಬ್ರು ಮೈಕಲ್ಲಿ ಹೇಳೋದು, ಒಬ್ರು ಹಿಂಬಾಗಿಲು, ಒಬ್ರು ಗ್ಯಾಸ್ ಆಫ್, ಒಬ್ರು ಗೇಟ್. ಗೇಟಿನವರ ಕೆಲಸ ಜನರನ್ನ ಆಚೆ ಕಳಿಸಿ ಫೈರ್ ಎಂಜಿನ್ ಬರೋ ದಾರಿ ಖಾಲಿ ಇಡೋದು, ಅಂದ್ರೆ ಮೊದಲೇ ಅಲ್ಲಿ ಕಾರು ನಿಲ್ಲಿಸೋಕೆ ಬಿಡಬಾರದು. ನೆಂಟರ ಕಾರು ಗೇಟಿಗೆ ಅಡ್ಡ ನಿಲ್ಲಿಸಿ ಡ್ರೈವರ್ ಊಟಕ್ಕೆ ಕೂತಿರ್ತಾನೆ, ಇದು ಪ್ರತಿ ಮದುವೇಲೂ ಇದ್ದಿದ್ದೇ. ಸೇರೋ ಜಾಗ ಗೇಟ್ ಹತ್ರ ಇಡಬೇಡಿ, ರಸ್ತೆ ಆಚೆ ಇಡಿ.

ಹಂತ 10: ಫಂಕ್ಷನ್ ದಿನ ಬೆಳಿಗ್ಗೆ ಹತ್ತು ನಿಮಿಷ

ಇಷ್ಟೆಲ್ಲಾ ಮಾಡಿದ್ದನ್ನ ಡೆಕೋರೇಶನ್‌ನವರು ಒಂದೇ ರಾತ್ರೀಲಿ ಹಾಳು ಮಾಡ್ತಾರೆ. ಎಕ್ಸಿಟ್ ಬೋರ್ಡ್ ಮೇಲೆ ಬಟ್ಟೆ ಇಳಿಬಿಡ್ತಾರೆ, ಫೋಟೋದಲ್ಲಿ ಹಸಿರು ಬೀಳತ್ತೆ ಅಂತ ಫೋಟೋಗ್ರಾಫರ್ ಬಂದು ಟೇಪ್ ಅಂಟಿಸ್ತಾನೆ, ಹಿಂಬಾಗಿಲ ಮುಂದೆ ಸ್ಟೇಜ್ ಕಟ್ಟಿರ್ತಾರೆ, ಸೀರಿಯಲ್ ಲೈಟಿಗೆ ಪಾಯಿಂಟ್ ಸಾಲ್ದು ಅಂತ ಎಮರ್ಜೆನ್ಸಿ ಲೈಟಿನ ಪ್ಲಗ್ ಕಿತ್ತು ಅಲ್ಲಿಗೆ ಸಿಕ್ಕಿಸಿರ್ತಾರೆ. ಈ ಕೊನೇದು ಆಗದೇ ಇರ್ಬೇಕು ಅಂದ್ರೆ ಎಮರ್ಜೆನ್ಸಿ ಲೈಟಿಗೆ ಪ್ಲಗ್ ಟಾಪೇ ಇಡಬೇಡಿ, ನೇರ ವೈರ್ ಕೊಡಿಸಿ.

ಬುಕಿಂಗ್ ರಸೀದಿ ಹಿಂದೆ ನಾಲ್ಕು ಸಾಲು ಪ್ರಿಂಟ್ ಮಾಡ್ಸಿ: ಬೋರ್ಡ್ ಮುಚ್ಚಬಾರದು, ಬಾಗಿಲ ಮುಂದೆ ಏನೂ ಇಡಬಾರದು, ಪ್ಯಾಸೇಜಲ್ಲಿ ಕುರ್ಚಿ ಹಾಕಬಾರದು, ಮುರಿದ್ರೆ ಡಿಪಾಸಿಟ್ ವಾಪಸ್ ಇಲ್ಲ. ಡಿಪಾಸಿಟ್ ವಿಷಯ ಬಂದ್ರೆ ಮಾತ್ರ ಎಲ್ಲರೂ ಓದ್ತಾರೆ.

ರಿಜಿಸ್ಟರ್ ಬರೆಯೋ ರೀತಿ

ಕಾಲಂಗಳು: ಲೈಟ್ ನಂಬರ್, ಜಾಗ, ಎಂಸಿಬಿ ನಂಬರ್, ಆಫ್ ಮಾಡಿದ ಟೈಮ್, ಲೈಟ್ ಆರಿದ ಟೈಮ್, ಒಟ್ಟು ನಿಮಿಷ, ಬ್ಯಾಟರಿ ಹಾಕಿದ ತಾರೀಕು, ರಿಪೇರಿ ಏನಾಯ್ತು, ಸಹಿ. "ಓಕೆ" ಅಂತ ಬರೆಯೋಕೆ ಕಾಲಂ ಇಡಬೇಡಿ, ನಿಮಿಷಾನೇ ಬರೀಬೇಕು. ಎಲ್ಲಾ ಲೈಟಿಗೂ 90 90 90 ಅಂತ ಒಂದೇ ಪೆನ್ನಲ್ಲಿ ಒಂದೇ ಸಮ ಬರೆದಿರೋ ಪುಟ ಕಂಡ್ರೆ ಆ ಟೆಸ್ಟ್ ನಡೆದೇ ಇಲ್ಲ ಅಂತ ತಿಳ್ಕೊಂಡು, ಅವತ್ತೇ ರಾತ್ರಿ ಡಿಜಿ ಆಫಿಗೆ ತಿರುಗಿಸಿ ಹಂತ 6 ಮತ್ತೆ ಮಾಡಿಸಿ, ಈ ಸಲ ನೀವೇ ಮೆಟ್ಟಿಲ ಮೇಲೆ ಕೂತು.